ಮಕ್ಕಳ ಹುಟ್ಟುಹಬ್ಬದ ಪಾರ್ಟಿ: ಒಂದು ತಿಂಗಳ ಮುಂಚಿನಿಂದ ಕೊನೆಯ ಬಲೂನಿನವರೆಗೆ

ನನ್ನ ಮಗಳ ಮೂರನೇ ಹುಟ್ಟುಹಬ್ಬಕ್ಕೆ ನಲವತ್ತು ಜನ ಬಂದಿದ್ದರು. ದೀಪ ಆರಿಸಿ, ಹಾಡು ಜೋರಾಗಿ ಹಾಕಿ, ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದ ಕೂಡಲೇ ಅವಳು ಮೇಜಿನ ಕೆಳಗೆ ನುಗ್ಗಿದಳು. ಮೇಜುಬಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಅಲ್ಲೇ ಕೂತಳು. ಹೊರಗೆ ಬಾ ಪುಟ್ಟಿ ಅಂತ ಏಳೆಂಟು ಜನ ಬಗ್ಗಿ ಕರೆದರು. ಅಷ್ಟು ಮುಖ ಒಟ್ಟಿಗೆ ಕಂಡಿದ್ದೇ ತಡ, ಅಳು ಶುರುವಾಯಿತು. ಕೊನೆಗೆ ಕೇಕ್ ಕತ್ತರಿಸಿದ್ದು ನಾನು. ಅಲಂಕಾರಕ್ಕೆ ಎರಡು ವಾರ ಓಡಾಡಿದ್ದೆ. ಆದರೆ ಮೂರು ವರ್ಷದ ಮಗು ಎಷ್ಟು ಸದ್ದು, ಎಷ್ಟು ಜನ, ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ.

ಅವತ್ತಿನಿಂದ ನನ್ನ ಲೆಕ್ಕ ಬದಲಾಗಿದೆ. ಮೊದಲು ಮಗುವಿನ ವಯಸ್ಸು, ಆಮೇಲೆ ಗಡಿಯಾರ, ಆಮೇಲೆ ಜನ. ಬಣ್ಣ, ಥೀಮು, ಬಲೂನು ಎಲ್ಲ ಕೊನೆಗೆ. ಈ ಬರಹವೂ ಅದೇ ಕ್ರಮದಲ್ಲಿ ಹೋಗುತ್ತದೆ.

ಒಂದು ತಿಂಗಳು ಮುಂಚೆ: ವಯಸ್ಸಿಗೆ ತಕ್ಕ ಪಾರ್ಟಿ ಯಾವುದು?

ಒಂದನೇ ವರ್ಷದ ಹುಟ್ಟುಹಬ್ಬ ನಿಜವಾಗಿ ಅಪ್ಪ ಅಮ್ಮನದು. ಮಗುವಿಗೆ ಅದು ಇನ್ನೊಂದು ದಿನ ಅಷ್ಟೇ. ಹಾಗಾಗಿ ಹತ್ತಿರದ ಕೆಲವರು, ಒಂದು ಗಂಟೆ, ಒಂದು ಫೋಟೋ, ಸಾಕು. ಮಗುವಿಗೆ ನಿದ್ದೆ ಬಂದರೆ ಮಲಗಿಸಿಬಿಡಿ, ದೊಡ್ಡವರು ಮಾತಾಡಿಕೊಂಡಿರಲಿ.

ಎರಡು, ಮೂರು ವರ್ಷದ ಮಕ್ಕಳು ಒಟ್ಟಿಗೆ ಆಡುವುದಕ್ಕಿಂತ ಪಕ್ಕಪಕ್ಕ ಕೂತು ತಮ್ಮ ಪಾಡಿಗೆ ಆಡುವುದೇ ಜಾಸ್ತಿ. ಮಕ್ಕಳ ಆಟದ ಹಂತಗಳ ಬಗ್ಗೆ ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ 1932ರಲ್ಲೇ ಇದನ್ನು ಬರೆದಿದ್ದಾರೆ. ಈ ವಯಸ್ಸಿನವರಿಗೆ ನಿಯಮ ಇರುವ ಆಟ ಬೇಡ. ಒಂದು ರಾಶಿ ಬ್ಲಾಕ್, ಒಂದು ಬೋಗುಣಿ ನೀರು, ಗುಳ್ಳೆ ಊದುವ ಸಾಬೂನು ನೀರು ಇಟ್ಟರೆ ಅವರೇ ನೋಡಿಕೊಳ್ಳುತ್ತಾರೆ. ಒಂದೂವರೆ ಗಂಟೆ ದಾಟಿಸಬೇಡಿ.

ನಾಲ್ಕರಿಂದ ಆರು ವರ್ಷ ಅಂದರೆ ಪಾರ್ಟಿಗೆ ತುಂಬಾ ಚಂದದ ವಯಸ್ಸು. ಏನು ಮಾಡಿದರೂ ನಂಬುತ್ತಾರೆ, ಏನು ಕೊಟ್ಟರೂ ಖುಷಿ ಪಡುತ್ತಾರೆ. ಎರಡು ಗಂಟೆ ಸರಿಯಾದ ಅಳತೆ. ಏಳರಿಂದ ಒಂಬತ್ತು ವರ್ಷದವರಿಗೆ ಎರಡೂವರೆ ಗಂಟೆ ಕೊಡಬಹುದು, ತಂಡದ ಆಟಗಳು ಇವರಿಗೆ ಇಷ್ಟ. ಹತ್ತು ದಾಟಿದವರನ್ನು ಕೇಳಿಯೇ ಮಾಡಿ. ಅವರಿಗೆ ನಾಲ್ಕು ಜನ ಗೆಳೆಯರ ಜೊತೆ ಒಂದು ಸಿನಿಮಾ, ರಾತ್ರಿ ಒಟ್ಟಿಗೆ ಉಳಿಯುವುದು, ಇಲ್ಲವೇ ಒಂದು ಮೈದಾನ ಮತ್ತು ಚೆಂಡು ದೊಡ್ಡ ಪಾರ್ಟಿಗಿಂತ ಹೆಚ್ಚು ಹಿಡಿಸಬಹುದು.

ದಿನ ಮತ್ತು ಹೊತ್ತು

ಮಧ್ಯಾಹ್ನ ಮಲಗುವ ಮಗುವಾದರೆ ಬೆಳಗ್ಗೆ 10ರಿಂದ 11:30 ಒಳ್ಳೆಯದು. ಮಲಗುವ ಅಭ್ಯಾಸ ಬಿಟ್ಟ ಮಕ್ಕಳಿಗೆ ಸಂಜೆ 4ರಿಂದ 6. ರಾತ್ರಿ 7ಕ್ಕೆ ಶುರು ಮಾಡಿ 8:30ಕ್ಕೆ ಕೇಕ್ ಕತ್ತರಿಸುವ ಪಾರ್ಟಿಗಳಲ್ಲಿ ಹುಟ್ಟುಹಬ್ಬದ ಮಗುವೇ ತೂಕಡಿಸುತ್ತಿರುತ್ತದೆ. ಹುಟ್ಟಿದ ದಿನವೇ ಆಗಬೇಕೆಂದು ಹಟ ಬೇಡ. ಆ ದಿನ ಮನೆಯವರ ಜೊತೆ ಕಳೆಯಿರಿ, ಪಾರ್ಟಿ ರಜಾದಿನಕ್ಕಿರಲಿ. ಮಕ್ಕಳಿಗೆ ಎರಡು ಸಲ ಹಬ್ಬವಾದರೆ ಬೇಸರವೇನೂ ಇಲ್ಲ.

ಯಾರನ್ನು ಕರೆಯುವುದು

ಮಗುವಿನ ವಯಸ್ಸಿಗೆ ಒಂದು ಸೇರಿಸಿ, ಅಷ್ಟು ಮಕ್ಕಳನ್ನು ಕರೆಯಿರಿ ಅಂತ ಒಂದು ಹಳೆಯ ಲೆಕ್ಕ ಇದೆ. ಐದು ವರ್ಷಕ್ಕೆ ಆರು ಮಕ್ಕಳು. ಇದನ್ನೇ ಕಣ್ಣುಮುಚ್ಚಿ ಪಾಲಿಸಬೇಕಿಲ್ಲ, ಆದರೆ ಪಟ್ಟಿ ಬರೆಯುವಾಗ ಈ ಸಂಖ್ಯೆ ಮನಸ್ಸಿನಲ್ಲಿದ್ದರೆ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ. ನಾನು ಪಟ್ಟಿಯನ್ನು ಎರಡು ಭಾಗ ಮಾಡುತ್ತೇನೆ: ಮಗು ಹೆಸರು ಹೇಳಿದ ಮಕ್ಕಳು, ನಾವು ಕರೆಯಲೇಬೇಕಾದವರು. ಎರಡನೇ ಪಟ್ಟಿ ಮೊದಲನೆಯದಕ್ಕಿಂತ ಉದ್ದವಾದರೆ, ದೊಡ್ಡವರಿಗೆ ಬೇರೆ ದಿನ ಊಟಕ್ಕೆ ಕರೆಯುವುದು ಒಳ್ಳೆಯದು.

ತರಗತಿಯ ಅರ್ಧಕ್ಕಿಂತ ಜಾಸ್ತಿ ಮಕ್ಕಳನ್ನು ಕರೆದರೆ ಎಲ್ಲರನ್ನೂ ಕರೆದುಬಿಡಿ. ಇಪ್ಪತ್ತರಲ್ಲಿ ಹದಿನೇಳು ಮಕ್ಕಳಿಗೆ ಕಾರ್ಡ್ ಸಿಕ್ಕಿ ಮೂವರಿಗೆ ಸಿಗದಿದ್ದರೆ ಆ ಮೂವರ ಮನಸ್ಸು ಏನಾಗಬೇಡ? ಕೆಲವರನ್ನೇ ಕರೆಯುವುದಾದರೆ ಆಮಂತ್ರಣ ಶಾಲೆಯಲ್ಲಿ ಹಂಚಬೇಡಿ, ಪೋಷಕರಿಗೆ ನೇರವಾಗಿ ಕಳಿಸಿ.

ಆಮಂತ್ರಣ ಮೂರು ವಾರ ಮುಂಚೆ ಹೋಗಲಿ. ಅದರಲ್ಲಿ ಶುರುವಿನ ಹೊತ್ತಿನ ಜೊತೆ ಮುಗಿಯುವ ಹೊತ್ತೂ ಇರಲೇಬೇಕು. ಅಪ್ಪ ಅಮ್ಮ ಉಳಿಯಬೇಕಾ, ಬಿಟ್ಟು ಹೋಗಬಹುದಾ? ಅಣ್ಣ ತಂಗಿಯರು ಬರಬಹುದಾ? ಬಟ್ಟೆ ಕೊಳೆಯಾಗುವ ಆಟ ಇದೆಯಾ? ಇದನ್ನೂ ಬರೆಯಿರಿ. ಕೊನೆಗೆ ಒಂದು ಸಾಲು ಸೇರಿಸಿ: "ನಿಮ್ಮ ಮಗುವಿಗೆ ಯಾವುದಾದರೂ ತಿಂಡಿ ಆಗುವುದಿಲ್ಲ ಅಂದರೆ ದಯವಿಟ್ಟು ತಿಳಿಸಿ." ಇದು ಎಷ್ಟು ಮುಖ್ಯ ಅಂತ ತಿಂಡಿಯ ಮಾತು ಬಂದಾಗ ಹೇಳುತ್ತೇನೆ.

ಜಾಗ ಮತ್ತು ಖರ್ಚು

ಹತ್ತು ಮಕ್ಕಳವರೆಗೆ ಮನೆ ಸಾಕು. ಅದಕ್ಕಿಂತ ಜಾಸ್ತಿಯಾದರೆ ಬಯಲು ಜಾಗ ಅಥವಾ ಹಾಲ್ ಯೋಚಿಸಿ. ಬಯಲಲ್ಲಿ ಮಾಡುವುದಾದರೆ ನೆರಳು, ಕುಡಿಯುವ ನೀರು, ಶೌಚಾಲಯ ಮೂರನ್ನೂ ನೋಡಿಕೊಂಡು ಬನ್ನಿ. ಮಳೆ ಬಂದರೆ ಎಲ್ಲಿ ಅನ್ನುವುದನ್ನು ಅವತ್ತೇ ತೀರ್ಮಾನಿಸಿ. ಹತ್ತಿರದಲ್ಲಿ ಈಜುಕೊಳವೋ ಕೆರೆಯೋ ಇದ್ದರೆ, ನೀರು ಕಾಯುವುದನ್ನು ಬಿಟ್ಟು ಬೇರೆ ಕೆಲಸವೇ ಇಲ್ಲದ ಒಬ್ಬ ದೊಡ್ಡವರು ಅಲ್ಲಿರಬೇಕು. ಮನೆಯಲ್ಲಿ ನಾಯಿ ಇದ್ದರೆ, ಎಷ್ಟೇ ಸಾಧುವಾದರೂ ಆ ಎರಡು ಗಂಟೆ ಬೇರೆ ಕೋಣೆಯಲ್ಲಿರಲಿ. ಕಿರುಚುತ್ತಾ ಓಡುವ ಹತ್ತು ಮಕ್ಕಳು ಅದಕ್ಕೂ ಹೊಸತು.

ಖರ್ಚಿನ ವಿಷಯದಲ್ಲಿ ಹಾಸಿಗೆ ಇದ್ದಷ್ಟು ಕಾಲು ಚಾಚಿ. ಒಟ್ಟು ಮೊತ್ತವನ್ನು ಮೊದಲು ಒಂದು ಕಾಗದದ ಮೇಲೆ ಬರೆದುಬಿಡಿ, ಆಮೇಲೆ ಹಂಚಿ. ಆಟ ಮತ್ತು ತಿಂಡಿಗೆ ಮೊದಲ ಪಾಲು. ಗೋಡೆಗೆ ಹಚ್ಚುವ ಹಿನ್ನೆಲೆ ಪರದೆಗೆ ಕೊಟ್ಟ ದುಡ್ಡು ಫೋಟೋದಲ್ಲಿ ಉಳಿಯುತ್ತದೆ, ಮಕ್ಕಳು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಥೀಮ್ ಬೇಕೇಬೇಕು ಅಂದರೆ ಮಗುವಿಗೆ ಈಗ ಹುಚ್ಚು ಹಿಡಿಸಿರುವ ಒಂದು ವಸ್ತು ತೆಗೆದುಕೊಳ್ಳಿ: ರೈಲು, ಡೈನೋಸಾರ್, ಚಂದ್ರ. ಕೇಕಿನ ಮೇಲೆ, ಆಮಂತ್ರಣದ ಮೇಲೆ, ಒಂದು ಆಟದಲ್ಲಿ ಅದು ಬಂದರೆ ಸಾಕು. ತಟ್ಟೆ ಲೋಟ ಎಲ್ಲದರಲ್ಲೂ ಬರಬೇಕಿಲ್ಲ.

ಎರಡು ವಾರ ಮುಂಚೆ: ಆಟಗಳನ್ನು ಗೊತ್ತುಮಾಡಿ

ಪಾರ್ಟಿ ಗೆಲ್ಲುವುದೂ ಸೋಲುವುದೂ ಇಲ್ಲೇ. ಎರಡು ಗಂಟೆಯ ಪಾರ್ಟಿಗೆ ನಾಲ್ಕು ಆಟ ಬೇಕು, ಆರು ಸಿದ್ಧ ಇರಬೇಕು. ಹತ್ತು ನಿಮಿಷ ನಡೆಯುತ್ತದೆ ಅಂದುಕೊಂಡ ಆಟ ಮೂರು ನಿಮಿಷಕ್ಕೆ ಮುಗಿಯುವುದು ಸಾಮಾನ್ಯ. ಜೋರು ಆಟದ ಹಿಂದೆ ಕೂತು ಆಡುವ ಆಟ ಬರಲಿ, ಆಗ ಮಕ್ಕಳ ಉಸಿರು ಒಂದು ಹದಕ್ಕೆ ಬರುತ್ತದೆ.

ಮ್ಯೂಸಿಕಲ್ ಚೇರ್ ಎಲ್ಲರಿಗೂ ಗೊತ್ತು. ಎಂಟು ಮಕ್ಕಳು, ಏಳು ಕುರ್ಚಿ, ಹಾಡು ನಿಂತಾಗ ಜಾಗ ಸಿಗದವರು ಔಟ್. ಆದರೆ ಮೊದಲ ಸುತ್ತಿನಲ್ಲೇ ಔಟ್ ಆದ ನಾಲ್ಕು ವರ್ಷದ ಮಗುವನ್ನು ಒಮ್ಮೆ ಗಮನಿಸಿ. ಗೋಡೆಗೆ ಒರಗಿ ನಿಂತು, ಅಂಗಿಯ ಗುಂಡಿ ತಿರುವುತ್ತಾ, ಉಳಿದ ಏಳು ಜನ ಆಡುವುದನ್ನು ನೋಡುತ್ತಿರುತ್ತದೆ. ಪಾರ್ಟಿಗೆ ಬಂದಿದ್ದು ಆಡಲಿಕ್ಕೆ, ಅಲ್ವಾ? ಏಳು ವರ್ಷದ ಒಳಗಿನವರಿಗೆ ನಾನು ನಿಯಮ ತಿರುಗಿಸುತ್ತೇನೆ. ಕುರ್ಚಿ ಕಡಿಮೆಯಾಗುತ್ತಾ ಹೋಗುತ್ತದೆ, ಮಕ್ಕಳು ಕಡಿಮೆಯಾಗುವುದಿಲ್ಲ. ಕುರ್ಚಿಯ ಬದಲು ನೆಲದ ಮೇಲೆ ಹಳೆಯ ದಿಂಬಿನ ಕವರ್ ಹಾಸಿದರೆ ಬೀಳುವ ಭಯವೂ ಇಲ್ಲ. ಕೊನೆಗೆ ಎಂಟು ಜನ ಎರಡು ಕವರ್ ಮೇಲೆ ಒಬ್ಬರನ್ನೊಬ್ಬರು ತಬ್ಬಿ ನಿಲ್ಲಬೇಕು. ಆ ನಗು ಬೇರೆ ಯಾವ ಆಟದಲ್ಲೂ ನಾನು ಕೇಳಿಲ್ಲ.

ಪಾರ್ಸೆಲ್ ದಾಟಿಸುವ ಆಟಕ್ಕೂ ಹೀಗೇ ಒಂದು ಉಪಾಯ. ಒಂದು ಪುಟ್ಟ ವಸ್ತುವಿಗೆ ಎಷ್ಟು ಮಕ್ಕಳೋ ಅಷ್ಟು ಪದರ ಹಳೆಯ ಪತ್ರಿಕೆ ಸುತ್ತಿ. ಪ್ರತಿ ಪದರದ ಒಳಗೂ ಒಂದು ಸ್ಟಿಕ್ಕರ್ ಇರಲಿ. ಹಾಡು ನಿಲ್ಲಿಸುವವರು ಮಕ್ಕಳ ಕಡೆ ಮುಖ ಮಾಡಿ ಕೂರಬೇಕು, ಇನ್ನೂ ಯಾರಿಗೆ ಸಿಕ್ಕಿಲ್ಲ ಅಂತ ನೋಡಿ ಅವರ ಕೈಗೆ ಬಂದಾಗ ನಿಲ್ಲಿಸಬೇಕು. ಪದರ ಸುತ್ತುವಾಗ ಅಂಟು ಪಟ್ಟಿ ಒಂದೇ ಕಡೆ ಹಚ್ಚಿ. ಜಾಸ್ತಿ ಹಚ್ಚಿದರೆ ಪುಟ್ಟ ಬೆರಳಿಗೆ ಬಿಚ್ಚಲಿಕ್ಕೆ ಆಗುವುದಿಲ್ಲ.

ನಿಧಿ ಹುಡುಕುವ ಆಟ ಆರು ವರ್ಷ ದಾಟಿದವರಿಗೆ ಹೇಳಿ ಮಾಡಿಸಿದಂತಿದೆ. ಆರೇಳು ಚೀಟಿ ಸಾಕು. ಒಂದೊಂದು ಚೀಟಿಯೂ ಮುಂದಿನ ಜಾಗದ ಗುಟ್ಟು ಹೇಳಬೇಕು. "ನನ್ನ ಹೊಟ್ಟೆ ಯಾವಾಗಲೂ ತಣ್ಣಗೆ, ಬಾಗಿಲು ತೆಗೆದರೆ ದೀಪ ಹತ್ತುತ್ತದೆ" ಅಂದರೆ ಎಲ್ಲ ಫ್ರಿಜ್ ಕಡೆ ಓಡುತ್ತಾರೆ. ಓದಲು ಬಾರದವರಿಗೆ ಚಿತ್ರ ಬರೆಯಿರಿ. ಕೊನೆಯ ನಿಧಿ ಎಲ್ಲರಿಗೂ ಸಮನಾಗಿ ಹಂಚುವಂತಿರಲಿ. ಮೊದಲು ಹುಡುಕಿದವರಿಗೆ ಮಾತ್ರ ಅಂದರೆ ನೂಕುನುಗ್ಗಲಾಗುತ್ತದೆ.

ಹಾಡು ನಿಂತಾಗ ಸ್ಟ್ಯಾಚ್ಯೂ ಆಗುವುದು, ಬಲೂನ್ ನೆಲಕ್ಕೆ ಬೀಳದಂತೆ ತಟ್ಟುವುದು, ಕಾಗದದ ಕಿರೀಟಕ್ಕೆ ಬಣ್ಣ ಹಚ್ಚುವುದು ಕೈಯಲ್ಲಿರಲಿ. ಯಾವುದಕ್ಕೂ ಜಾಸ್ತಿ ಸಾಮಾನು ಬೇಡ.

ತಿಂಡಿ ಮತ್ತು ಕೇಕ್

ಪಾರ್ಟಿಯಲ್ಲಿ ಮಕ್ಕಳು ತಿನ್ನುವುದು ಕಡಿಮೆ. ಆಟದ ಕಡೆ ಗಮನ ಇರುತ್ತದೆ. ಆದ್ದರಿಂದ ಕೈಯಲ್ಲಿ ಹಿಡಿದು ಎರಡು ತುತ್ತಿಗೆ ಮುಗಿಯುವ ಮೂರು ನಾಲ್ಕು ಬಗೆ ಸಾಕು: ಒಂದು ಖಾರವಿಲ್ಲದ ಉಪ್ಪಿನ ತಿಂಡಿ, ಒಂದು ಹಣ್ಣು, ಒಂದು ಗರಿಗರಿ, ಕೇಕ್. ಕುಡಿಯಲು ನೀರು ಎಲ್ಲರ ಕೈಗೆ ಎಟುಕುವಂತಿರಲಿ. ಲೋಟಗಳ ಮೇಲೆ ಹೆಸರು ಬರೆದಿಟ್ಟರೆ ಯಾರ ಲೋಟ ಯಾರದು ಅನ್ನುವ ಗೊಂದಲ ಇರುವುದಿಲ್ಲ.

ಐದು ವರ್ಷದೊಳಗಿನ ಮಕ್ಕಳಿದ್ದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ತಿಂಡಿಗಳ ಬಗ್ಗೆ ಎಚ್ಚರ ಬೇಕು. ಇಡೀ ದ್ರಾಕ್ಷಿ, ಇಡೀ ಬೀಜಗಳು, ಪಾಪ್‌ಕಾರ್ನ್, ಗಟ್ಟಿ ಚಾಕೊಲೇಟ್ ಮಿಠಾಯಿ ಮೇಜಿನ ಮೇಲೆ ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ. ಮಕ್ಕಳು ಕೂತು ತಿನ್ನಲಿ, ಬಾಯಲ್ಲಿಟ್ಟುಕೊಂಡು ಓಡುವುದು ಬೇಡ. ಒಂದು ವರ್ಷ ತುಂಬದ ಕೂಸುಗಳಿಗೆ ಜೇನುತುಪ್ಪ ಇರುವ ಯಾವುದನ್ನೂ ಕೊಡಬಾರದು.

ಇನ್ನು ಅಲರ್ಜಿ. ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿ ಬಾದಾಮಿಯಂಥ ಬೀಜಗಳು, ಗೋಧಿ, ಸೋಯಾ, ಎಳ್ಳು, ಮೀನು, ಸೀಗಡಿ ಇವು ಸಾಮಾನ್ಯವಾಗಿ ತೊಂದರೆ ಕೊಡುವಂಥವು. ಕಡಲೆಕಾಯಿ ಅಲರ್ಜಿ ಇರುವ ಮಗುವಿಗೆ ಚಿಕ್ಕ ಚೂರೂ ಪ್ರಾಣಕ್ಕೆ ಬರಬಹುದು. ಆಮಂತ್ರಣದಲ್ಲಿ ಕೇಳಿದ ಮೇಲೆ ಉತ್ತರ ಬಾರದ ಪೋಷಕರಿಗೆ ನಾನು ಫೋನ್ ಮಾಡುತ್ತೇನೆ. ಅಂಥ ಮಗು ಬರುವುದಿದ್ದರೆ ಅದಕ್ಕೆ ಬೇರೆ ತಟ್ಟೆ ಮಾಡಿ ಮೂಲೆಯಲ್ಲಿ ಕೂರಿಸುವುದಕ್ಕಿಂತ, ಆ ವಸ್ತುವನ್ನೇ ಇಡೀ ಪಾರ್ಟಿಯಿಂದ ತೆಗೆದುಬಿಡುವುದು ಎಷ್ಟೋ ವಾಸಿ. ಪ್ಯಾಕೆಟ್‌ಗಳನ್ನು ಬಿಸಾಡಬೇಡಿ, ಯಾರಾದರೂ ಕೇಳಿದರೆ ಅದರ ಮೇಲೆ ಬರೆದಿದ್ದನ್ನು ತೋರಿಸಬಹುದು. ಮಗುವಿನ ಔಷಧಿ ಎಲ್ಲಿದೆ, ಯಾವಾಗ ಕೊಡಬೇಕು ಅಂತ ಅವರ ಅಮ್ಮನಿಂದ ಕೇಳಿ ತಿಳಿದುಕೊಳ್ಳಿ.

ಹಾಲು, ಕ್ರೀಮು, ಬೇಯಿಸಿದ ಅಡುಗೆ ಫ್ರಿಜ್ಜಿನ ಹೊರಗೆ 2 ಗಂಟೆಗಿಂತ ಜಾಸ್ತಿ ಇರಬಾರದು. ಬಿಸಿಲು 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ.

ಕೇಕಿನ ಲೆಕ್ಕ ಸುಲಭ. ಒಂದು ಕಿಲೋ ಕೇಕಿನಲ್ಲಿ ದೊಡ್ಡವರ ಅಳತೆಗೆ 10 ತುಂಡು, ಮಕ್ಕಳ ಅಳತೆಗೆ 12ರಿಂದ 15. ಮೇಣದಬತ್ತಿಗೆ ನಾನು ಬೇರೆಯೇ ಒಂದು ಪುಟ್ಟ ಕಪ್ ಕೇಕ್ ಇಡುತ್ತೇನೆ. ಬತ್ತಿ ಊದಿದಾಗ ಕೇಕಿನ ಕ್ರೀಮಿನ ಮೇಲೆ ಬ್ಯಾಕ್ಟೀರಿಯಾ ಸರಾಸರಿ ಹದಿನೈದು ಪಟ್ಟು ಆಗಿದ್ದನ್ನು 2017ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ತೋರಿಸಿತು. ಆರೋಗ್ಯವಂತರಿಗೆ ಅದು ದೊಡ್ಡ ಅಪಾಯವೇನಲ್ಲ. ಆದರೆ ಶೀತ ಆಗಿರುವ ಮಗು ಜೋರಾಗಿ ಊದುವುದನ್ನು ನೋಡಿದ ಮೇಲೆ ಬೇರೆ ಕೇಕ್ ಇದ್ದರೆ ಮನಸ್ಸಿಗೆ ನೆಮ್ಮದಿ. ಮಗುವಿಗೂ ಅದು ಪೂರ್ತಿ ತನ್ನದೇ ಕೇಕ್.

ಸಿಹಿ ತಿಂದರೆ ಮಕ್ಕಳು ಕುಣಿದಾಡುತ್ತಾರೆ ಅಂತ ಹೇಳುವವರು ತುಂಬಾ. 23 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ 1995ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಸಕ್ಕರೆಯಿಂದ ಮಕ್ಕಳ ನಡತೆ ಬದಲಾಗಿದ್ದು ಕಾಣಲಿಲ್ಲ. ಕುಣಿಸುವುದು ಗೆಳೆಯರ ಗುಂಪು, ಗದ್ದಲ, ಸಂಭ್ರಮ. ಹಾಗಾಗಿ ಕೇಕಿಗೆ ಹೆದರಬೇಡಿ, ಸದ್ದು ತಗ್ಗಿಸಿ ನೋಡಿ.

ಅಲಂಕಾರ: ಇಷ್ಟು ಮಾತ್ರ ಮರೆಯಬೇಡಿ

ರಬ್ಬರ್ ಬಲೂನು ಒಡೆದ ಚೂರು ಪುಟ್ಟ ಮಕ್ಕಳ ಗಂಟಲಿಗೆ ತುಂಬಾ ಅಪಾಯಕಾರಿ. ಅದು ಮೆತ್ತಗಿರುವುದರಿಂದ ಉಸಿರಿನ ದಾರಿಗೆ ಅಂಟಿಕೊಂಡು ಮುಚ್ಚಿಬಿಡುತ್ತದೆ. ಊದದ ಬಲೂನೂ ಹಾಗೇ. 8 ವರ್ಷದೊಳಗಿನವರ ಬಗ್ಗೆ ಎಚ್ಚರ ಅಂತ ಎಷ್ಟೋ ಪ್ಯಾಕೆಟ್ ಮೇಲೆ ಬರೆದಿರುತ್ತಾರೆ. ಬಲೂನು ಊದುವುದು ದೊಡ್ಡವರ ಕೆಲಸವಾಗಲಿ, ಒಡೆದ ಕೂಡಲೇ ಚೂರು ಎತ್ತಿಬಿಡಿ. ತೇಲುವ ಬಲೂನು ಬೇಕಿದ್ದರೆ ಹೀಲಿಯಂ ಅಂತ ಖಚಿತ ಮಾಡಿಕೊಳ್ಳಿ. ಹೈಡ್ರೋಜನ್ ತುಂಬಿದ್ದು ಮೇಣದಬತ್ತಿಯ ಹತ್ತಿರ ಹೋದರೆ ಉರಿದು ಸಿಡಿಯುತ್ತದೆ. ಹೀಲಿಯಂ ರಬ್ಬರ್ ಬಲೂನು ತೇಲುವುದು ಅರ್ಧ ದಿನದಷ್ಟು ಮಾತ್ರ, ಅದೇ ದಿನ ತುಂಬಿಸಿ.

ನೊರೆ ಚಿಮ್ಮಿಸುವ ಸ್ನೋ ಸ್ಪ್ರೇ ದಯವಿಟ್ಟು ಬೇಡ. ಆ ಡಬ್ಬಿಯಲ್ಲಿ ನೊರೆ ತಳ್ಳಲು ಬಳಸುವ ಅನಿಲ ಬಹಳಷ್ಟು ಸಲ ಹೊತ್ತಿಕೊಳ್ಳುವಂಥದ್ದು. ಉರಿಯುವ ಬತ್ತಿಯ ಮುಂದೆ ನಿಂತ ಮಗುವಿನ ತಲೆಯ ಮೇಲೆ ಅದನ್ನು ಚಿಮ್ಮಿಸಿದರೆ ಕೂದಲಿಗೆ ಬೆಂಕಿ ತಗಲುತ್ತದೆ. ಹಾಡುವ ಮೇಣದಬತ್ತಿ, ಮಿನುಗುವ ಬಲೂನುಗಳಲ್ಲಿ ಗುಂಡಿಯಂಥ ಪುಟ್ಟ ಬ್ಯಾಟರಿ ಇರುತ್ತದೆ. ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಬಲ್ಲದು. ನುಂಗಿರಬಹುದು ಅನ್ನುವ ಅನುಮಾನ ಬಂದರೂ ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ ಓಡಿ.

ಆ ದಿನ

ಐದು ವರ್ಷದ ಮಗು, ಎಂಟು ಗೆಳೆಯರು, 4ರಿಂದ 6 ಅಂತ ಇಟ್ಟುಕೊಳ್ಳೋಣ.

4:00 – ಒಬ್ಬೊಬ್ಬರಾಗಿ ಬರುತ್ತಾರೆ. ಬಾಗಿಲ ಹತ್ತಿರವೇ ಕಿರೀಟ, ಬಣ್ಣ, ಸ್ಟಿಕ್ಕರ್ ಇಟ್ಟ ಮೇಜು. ಬಂದವರ ಕೈಗೆ ಕೂಡಲೇ ಕೆಲಸ.
4:20 – ಜೋರು ಆಟ, ಆಮೇಲೆ ಕೂತು ಆಡುವ ಆಟ, ಮತ್ತೆ ಜೋರು.
5:00 – ಕೈ ತೊಳೆದು ತಿಂಡಿ. ಎಲ್ಲರೂ ಕೂತಿರುವಾಗಲೇ 5:20ಕ್ಕೆ ಕೇಕ್.
5:35 – ಸುಮ್ನೆ ಆಡಲು ಬಿಡಿ.
5:50 – ಎಲ್ಲರನ್ನೂ ಕೂರಿಸಿ ಒಂದು ಕತೆ. ಅಷ್ಟರಲ್ಲಿ ಪೋಷಕರು ಬರುತ್ತಾರೆ.

ಕೇಕ್ ಕೊನೆಗಿಡುವುದು ಬೇಡ, ಆಗ ಮಕ್ಕಳು ದಣಿದಿರುತ್ತಾರೆ. ದೀಪ ಪೂರ್ತಿ ಆರಿಸುವ ಮುಂಚೆ, ಹಾಡು ಜೋರು ಮಾಡುವ ಮುಂಚೆ, ನಿಮ್ಮ ಮಗುವಿಗೆ ಅದು ಇಷ್ಟವೇ ಅಂತ ಹಿಂದಿನ ದಿನವೇ ಕೇಳಿ. ನಾವು ಈಗ ಮೆಲ್ಲಗೆ ಹಾಡುತ್ತೇವೆ. ಮಗಳು ಕುರ್ಚಿಯ ಮೇಲೆ ನಿಂತು ತಾನೇ ಎಲ್ಲರಿಗಿಂತ ಜೋರಾಗಿ ಹಾಡುತ್ತಾಳೆ.

ನಾಲ್ಕು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು, ದೊಡ್ಡ ಮಕ್ಕಳಾದರೆ ಐದಾರು ಜನಕ್ಕೆ ಒಬ್ಬರು ದೊಡ್ಡವರು ಬೇಕು. ಒಬ್ಬರಿಗೆ ಆಟ, ಒಬ್ಬರಿಗೆ ತಿಂಡಿ, ಒಬ್ಬರಿಗೆ ಬಾಗಿಲು ಮತ್ತು ಫೋಟೋ ಅಂತ ಮೊದಲೇ ಹಂಚಿ. ಬಿಟ್ಟು ಹೋಗುವ ಪೋಷಕರ ಫೋನ್ ನಂಬರ್ ಬಾಗಿಲಲ್ಲೇ ಬರೆದುಕೊಳ್ಳಿ. ಬೇರೆ ಮಕ್ಕಳ ಫೋಟೋವನ್ನು ಅವರ ಅಪ್ಪ ಅಮ್ಮನನ್ನು ಕೇಳದೆ ಎಲ್ಲೂ ಹಾಕಬೇಡಿ. ಗಂಟಲಿಗೆ ಸಿಕ್ಕಿಕೊಂಡರೆ ಏನು ಮಾಡಬೇಕು ಅಂತ ಗೊತ್ತಿರುವವರು ಒಬ್ಬರಾದರೂ ಇರಲಿ: ಕೆಮ್ಮಲಾಗದ, ಒಂದು ವರ್ಷ ದಾಟಿದ ಮಗುವಿಗೆ ಬೆನ್ನಿನ ಮೇಲೆ 5 ಏಟು, ಆಮೇಲೆ ಹೊಟ್ಟೆಯ ಮೇಲ್ಭಾಗಕ್ಕೆ ಹಿಂದಿನಿಂದ 5 ಒತ್ತು, ಜೊತೆಗೆ ಸಹಾಯಕ್ಕೆ ಕರೆ.

ಒಂದು ಮೂಲೆ ಶಾಂತವಾಗಿರಲಿ. ಎರಡು ದಿಂಬು, ನಾಲ್ಕು ಪುಸ್ತಕ. ಗದ್ದಲ ಹಿಡಿಸದ ಮಗು ತಾನಾಗಿ ಅಲ್ಲಿಗೆ ಹೋಗುತ್ತದೆ, ಹದ ಬಂದ ಮೇಲೆ ತಾನಾಗಿ ಎದ್ದು ಬರುತ್ತದೆ. ಎಳೆದು ತಂದು ಕುಣಿಸಬೇಡಿ. ನಿಮ್ಮ ಮಗುವೇ ಅತ್ತರೆ ಎಲ್ಲರೆದುರು ಬೈಯಬೇಡಿ. ಎತ್ತಿಕೊಂಡು ಒಳಗೆ ಹೋಗಿ, ನೀರು ಕುಡಿಸಿ, ಐದು ನಿಮಿಷ ಕೂತಿದ್ದು ಬನ್ನಿ. ಹಂಚಿಕೊಳ್ಳಲು ಆಗದ ಅದರ ಪ್ರೀತಿಯ ಆಟಿಕೆಯನ್ನು ಬೆಳಗ್ಗೆಯೇ ಅದರ ಜೊತೆ ಮಾತಾಡಿ ಕಪಾಟಿಗೆ ಸೇರಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಉಡುಗೊರೆ, ಬೀಳ್ಕೊಡುಗೆ

ಪುಟ್ಟ ಮಕ್ಕಳ ಪಾರ್ಟಿಯಲ್ಲಿ ಉಡುಗೊರೆಗಳನ್ನು ಎಲ್ಲ ಹೋದ ಮೇಲೆ ಬಿಚ್ಚಿ. ಯಾರು ಏನು ಕೊಟ್ಟರು ಅಂತ ಬರೆದಿಟ್ಟು, ಎರಡು ದಿನದಲ್ಲಿ ಮಗುವಿನ ಧ್ವನಿಯಲ್ಲೇ ಒಂದು ಥ್ಯಾಂಕ್ಸ್ ಕಳಿಸಿ. ರಿಟರ್ನ್ ಗಿಫ್ಟ್ ಕೊಡುವುದಾದರೆ ಒಂದೇ ವಸ್ತು, ಉಪಯೋಗಕ್ಕೆ ಬರುವಂಥದ್ದು: ಒಂದು ಪುಸ್ತಕ, ಬಣ್ಣದ ಪೆನ್ಸಿಲ್, ಒಂದು ಪುಟ್ಟ ಗಿಡ. ಎಲ್ಲರಿಗೂ ಒಂದೇ ಬಗೆ, ಎರಡು ಹೆಚ್ಚಿಗೆ ಇಟ್ಟುಕೊಳ್ಳಿ.

ಕೊನೆಯವರು ಹೋದ ಮೇಲೆ ಎಷ್ಟೇ ಸುಸ್ತಾಗಿದ್ದರೂ ಒಂದು ಕೆಲಸ ನಾಳೆಗೆ ಬಿಡಬೇಡಿ. ಮೊಣಕಾಲೂರಿ ಸೋಫಾದ ಕೆಳಗೆ, ಮೇಜಿನ ಕೆಳಗೆ, ಪರದೆಯ ಹಿಂದೆ ಟಾರ್ಚ್ ಹಾಕಿ ನೋಡಿ. ಒಡೆದ ಬಲೂನಿನ ಚೂರು, ಮೇಣದಬತ್ತಿಯಿಂದ ಬಿದ್ದ ಬ್ಯಾಟರಿ, ಉರುಳಿ ಹೋದ ದ್ರಾಕ್ಷಿ ಅಲ್ಲೇ ಇರುತ್ತವೆ. ಬೆಳಗ್ಗೆ ನಿಮಗಿಂತ ಮೊದಲು ಏಳುವುದು ಮಕ್ಕಳೇ.